ಹೊಸಹಳ್ಳಿಯ ಸೌದೆ ಕರೆಂಟು

ಒಲೆಯ ಜ್ವಾಲೆಯನ್ನು ಸರಿಯಾಗಿ ನೋಡಿ. ಅದು ಸೌದೆಗೆ ಅಂಟಿಕೊಂಡಿರುವುದಿಲ್ಲ, ಕೂದಲೆಳೆಯಷ್ಟು ಮೇಲೇ ಕುಣಿಯುತ್ತಿರುತ್ತದೆ. ಕಾದ ಸೌದೆ ಬಿಟ್ಟ ಅನಿಲ ಗಾಳಿ ಸಿಕ್ಕಿದ ಜಾಗದಲ್ಲಿ ಹೊತ್ತಿಕೊಳ್ಳುತ್ತದೆ, ಅಷ್ಟೆ. ಆ ಅನಿಲವನ್ನು ಅಲ್ಲೇ ಉರಿಯಗೊಡದೆ ಪೈಪಿಗೆ ತಿರುಗಿಸಿದರೆ ಎಂಜಿನ್ ಓಡಿಸಬಹುದು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕಟ್ಟಿ ಓಡಿಸಿದ್ದರು. ಇದ್ದಿಲಾದರೆ ಸಲೀಸು. ಹಸಿ ಗುಣ ಬಿಡದ ಸೌದೆಯದೇ ರಗಳೆ. ನಿಧಾನವಾಗಿ ಕಾಯಿಸಿದರೆ ಇದ್ದಿಲಿನ ಜೊತೆ ಜಿಗುಟು ಟಾರೂ ಬರುತ್ತದೆ. ತಣ್ಣಗಾದ ಟಾರು ವಾಲ್ವಿಗೆ ಮೆತ್ತಿಕೊಂಡರೆ ಎಂಜಿನ್ ಜಾಮ್. ಒಮ್ಮೆಗೇ ಸಾವಿರ ಡಿಗ್ರಿಯ ಆಸುಪಾಸಿನ ಕೆಂಡದ ಹಾಸಿನಲ್ಲಿ ಹಾಯಿಸಿದರೆ ಮಾತ್ರ ಟಾರು ಮುರಿದು ಅನಿಲವಾಗುತ್ತದೆ. ಅಲ್ಲೇ ಕೆಂಡವು ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕವಾಗಿ ಬದಲಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು 1980ರ ದಶಕದಲ್ಲಿ ಹಿಡಿದ ದಾರಿ ಇದೇ. ಸೌದೆಯನ್ನು ಅನಿಲವಾಗಿಸುವ ಅವರ ಯಂತ್ರದ, ಅಂದರೆ ಗ್ಯಾಸಿಫೈಯರಿನ, ಮೇಲ್ಭಾಗ ತೆರೆದೇ ಇರುತ್ತದೆ. ಗಾಳಿ ಮೇಲಿನಿಂದಲೂ ಪಕ್ಕದ ನಳಿಕೆಗಳಿಂದಲೂ ನುಗ್ಗುವುದರಿಂದ ಬಿಸಿ ವಲಯ ಉದ್ದವಾಗಿ, ಟಾರಿಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಸುಮಾರು ಒಂದು ಕಿಲೋ ಒಣ ಸೌದೆಗೆ ಒಂದು ಯೂನಿಟ್ ವಿದ್ಯುತ್ ಎಂಬುದು ಸ್ಥೂಲ ಲೆಕ್ಕ.

1988ರಲ್ಲಿ ಈ ಯಂತ್ರ ತುಮಕೂರು ಜಿಲ್ಲೆಯ, ವಿದ್ಯುತ್ ಕಾಣದ ಹೊಸಹಳ್ಳಿಗೆ ಹೋಯಿತು. ಮೊದಲಿನದು 3.7 ಕಿಲೋವಾಟಿನದು, ಆಮೇಲೆ 20 ಕಿಲೋವಾಟಿಗೆ ಏರಿತು. ಮನೆಗಳಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದರಿಂದಲೇ. ಸೌದೆಗೆಂದೇ ತೋಪು ಬೆಳೆಸಿದರು. ಎಂಜಿನ್ನಿಗೆ ಅನಿಲದ ಜೊತೆ ಡೀಸೆಲ್ಲೂ ಬೇಕಿದ್ದರಿಂದ ಅದು ಪೂರ್ತಿ ತಪ್ಪಲಿಲ್ಲ, ಬಹುಪಾಲು ಉಳಿತಾಯವಾಯಿತು.

ಯಂತ್ರದ ಮೇಲೆ ನನಗೆ ದೂರಿಲ್ಲ. ಸೌದೆ ಕಡಿದು, ಸಣ್ಣ ತುಂಡು ಮಾಡಿ, ತೇವ ಹೋಗುವಷ್ಟು ಒಣಗಿಸಿ, ದಿನಾ ತುಂಬುವ ಕೆಲಸ ಯಾರದು ಎಂಬ ಪ್ರಶ್ನೆಗೆ ಮಾತ್ರ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಸ್ವಿಚ್ ಒತ್ತಿದರೆ ಬರುವ ಕಂಬದ ಕರೆಂಟಿನೆದುರು ಈ ದುಡಿಮೆ ಭಾರವೇ.

ಪ್ರಯೋಗಾಲಯ ಉತ್ತರ ಹುಡುಕಿದ್ದು ಇನ್ನೊಂದು ಪ್ರಶ್ನೆಗೆ. ಗಾಳಿ ಹಾಯಿಸುವುದರಿಂದ ಬರುವ ಅನಿಲದಲ್ಲಿ ಅರ್ಧದಷ್ಟು ಉಪಯೋಗವಿಲ್ಲದ ಸಾರಜನಕ. ಅದೇ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಹಾಯಿಸಿ, ಸೌದೆಯಂಥ ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ತೆಗೆದಿದೆ. ಜೀವರಾಶಿಯೊಳಗೆ ಇರುವುದೇ 60 ಗ್ರಾಂ. ಮಿಕ್ಕ ಪಾಲು ಹಬೆಯ ಕೊಡುಗೆ.