ಬಾಗುವ ಅಚ್ಚು, ಬೇರೆಯ ತೆರಿಗೆ

ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಲ್ಲಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಲ್ಲಾಗಲಿ, ಬಾಗುವ ಸಿಲಿಕೋನ್ ಅಚ್ಚನ್ನು ಅಲ್ಯೂಮಿನಿಯಂ ಪಾತ್ರೆಯ ಪಕ್ಕದಲ್ಲಿರಿಸಿ ಮಾರುವ ವರ್ತಕರು ಎರಡನ್ನೂ ಒಂದೇ ಬಗೆಯ ಸರಕೆಂದು ಭಾವಿಸುವುದು ಸಹಜ. ಆದರೆ ಬಳಕೆಯಲ್ಲಿಯೂ ತೆರಿಗೆಯಲ್ಲಿಯೂ ಅವು ಬೇರೆ ಬೇರೆ.

ಸಿಲಿಕೋನ್‌ನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಆದುದರಿಂದ ಕೇಕಿನ ತಳವು ಅಲ್ಯೂಮಿನಿಯಂ ಪಾತ್ರೆಯಲ್ಲಿ ಆಗುವಷ್ಟು ಕೆಂಪಗಾಗದು. ಅಚ್ಚು ಮೆತ್ತಗಿರುವ ಕಾರಣ ಹಿಟ್ಟು ಹೊಯ್ಯುವ ಮೊದಲೇ ಅದನ್ನು ಲೋಹದ ತಟ್ಟೆಯ ಮೇಲಿಡಬೇಕು. ಇಲ್ಲವಾದರೆ ಎತ್ತುವಾಗ ಬಾಗಿ ಹಿಟ್ಟು ಚೆಲ್ಲುತ್ತದೆ. ಹಬೆಯಲ್ಲಿ ಬೆಂದ ಇಡ್ಲಿ ಸ್ವಲ್ಪ ಆರಿದ ಮೇಲೆ ಅಚ್ಚನ್ನು ಹಿಂಬದಿಯಿಂದ ಒತ್ತಿದರೆ ಮುರಿಯದೆ ಬಿಡುತ್ತದೆ. ಸವರುವ ಎಣ್ಣೆಯೂ ಕಡಿಮೆ. ಶೇಂಗಾ ಎಣ್ಣೆಯ ಊರಿಗೆ ಇದು ಪ್ರಿಯವಾದ ಮಾತಲ್ಲದಿರಬಹುದು. ಅಚ್ಚಿನ ಮೇಲೆ ನಮೂದಿಸಿದ ಶಾಖದ ಮಿತಿಯು ಓವನ್‌ಗೆ ಅನ್ವಯಿಸತಕ್ಕದ್ದೇ ಹೊರತು ಒಲೆಯ ಉರಿಗಲ್ಲವೆಂಬುದನ್ನು ಗಿರಾಕಿಗೆ ಅಂಗಡಿಯಲ್ಲಿಯೇ ತಿಳಿಸುವುದು ಲೇಸು.

ಇನ್ನು ತೆರಿಗೆ. ಸುಂಕಪಟ್ಟಿಯಲ್ಲಿ ಸಿಲಿಕೋನ್ ಪ್ಲಾಸ್ಟಿಕ್ಕಿನ 39ನೆಯ ಅಧ್ಯಾಯಕ್ಕೆ ಸೇರಿದ್ದು, ಅಡುಗೆಯ ಅಚ್ಚು 3924ರ ಅಡಿ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯದು 7615. 2025ರ ಸೆಪ್ಟೆಂಬರ್ 22ರಿಂದ ಅಲ್ಯೂಮಿನಿಯಂ ಪಾತ್ರೆಯ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು; 3924ರ ಅಡುಗೆ ಸಾಮಗ್ರಿಗೆ ಶೇ. 18 ಹಾಗೆಯೇ ಉಳಿಯಿತು. ಬಿಲ್ಲಿನಲ್ಲಿ ಎರಡನ್ನೂ ‘ಪಾತ್ರೆ’ ಎಂದು ಬರೆದು ಶೇ. 5 ಹಾಕಿದರೆ 1,000 ರೂಪಾಯಿ ಮೌಲ್ಯದ ಅಚ್ಚಿಗೆ 130 ರೂಪಾಯಿ ತೆರಿಗೆ ಕಡಿಮೆ ಬೀಳುತ್ತದೆ. ಅದನ್ನು ಬಡ್ಡಿಸಹಿತ ತುಂಬಬೇಕಾದವನು ವರ್ತಕನೇ. ಗಿರಾಕಿ ಅಷ್ಟರಲ್ಲಿ ಕೇಕು ತಿಂದು ಮುಗಿಸಿರುತ್ತಾನೆ. ವಹಿವಾಟಿನ ಮೇಲೆ ಶೇ. 1 ಕಟ್ಟುವ ರಾಜಿ ತೆರಿಗೆಯ ಸಣ್ಣ ಅಂಗಡಿಗೆ ಮಾತ್ರ ಈ ತೊಡಕಿಲ್ಲ.