ಕಿಟಕಿ ಕೀಳೋ ಮುಂಚೆ ಒಂದು ಸ್ಕ್ರೂ ಡ್ರೈವರ್ ತನ್ನಿ!

ಮೈಸೂರಿನ ಅಗ್ರಹಾರ, ಕೃಷ್ಣರಾಜ ಮೊಹಲ್ಲ, ಮಂಡಿ ಮೊಹಲ್ಲದ ಕಡೆ ಸಿಟಿ ಬಸ್ಸಿನಲ್ಲಿ ಓಡಾಡುವವರು ಈ ದೃಶ್ಯ ನೋಡಿಯೇ ಇರುತ್ತೀರಿ. ಮನೆ ನೋಡಿದರೆ ತಾತನ ಕಾಲದ್ದು. ಜಗಲಿ, ಮರದ ಕಂಬ, ಮೇಲೆ ಹೆಂಚು ಅಥವಾ ಮದ್ರಾಸ್ ತಾರಸಿ. ಕಿಟಕಿ ಮಾತ್ರ ಹೊಚ್ಚ ಹೊಸ ಬಿಳೀ ಪ್ಲಾಸ್ಟಿಕ್! ಎಂಬತ್ತು ವರ್ಷದ ಮುದುಕನಿಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ.

ನೋಟದ ಮಾತು ಹಾಗಿರಲಿ. ಮನೆಯವರು ಬದುಕುವುದು ಒಳಗೆ, ಬಸ್ಸಿನಲ್ಲಿ ಕೂತು ನೋಡುವವರ ಮೆಚ್ಚುಗೆಗಾಗಿ ಅಲ್ಲ. ಪ್ರಶ್ನೆ ಇರುವುದು ಇಷ್ಟೆ: ಹಳೇ ಕಿಟಕಿ ಕಿತ್ತು ಹೊಸದು ಹಾಕಿಸಬೇಕೋ, ಇದ್ದುದನ್ನೇ ರಿಪೇರಿ ಮಾಡಿಸಬೇಕೋ? ಹೀಗೆ ತಲೆ ಕೆಡಿಸಿಕೊಂಡ ಮನೆಗಳು ಪ್ರತಿ ಬೀದಿಯಲ್ಲೂ ಇವೆ.

ಒಂದು ಮನೆಯನ್ನೇ ಇಟ್ಟುಕೊಳ್ಳಿ. ಯಜಮಾನರಿಗೆ ಸಂತೇಪೇಟೆಯಲ್ಲಿ ಅಂಗಡಿ, ಕೃಷ್ಣರಾಜ ಮೊಹಲ್ಲದಲ್ಲಿ ಪಿತ್ರಾರ್ಜಿತ ಮನೆ. ಒಟ್ಟು ಏಳು ಕಿಟಕಿ. ರಸ್ತೆ ಕಡೆಗೆ ಎರಡು, ನಡುಮನೆಗೆ ಎರಡು, ಅಜ್ಜಿಯ ಕೋಣೆಗೆ ಪಡುವಲ ದಿಕ್ಕಿಗೆ ಒಂದು, ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು. ದೂರುಗಳಿಗೇನೂ ಬರವಿಲ್ಲ. ಮಳೆ ಬಂದರೆ ಕದ ಮುಚ್ಚೋಲ್ಲ. ಸಂಜೆಯಾದರೆ ಸೊಳ್ಳೆ. ರಸ್ತೆ ಕಡೆ ಕೋಣೆಯಲ್ಲಿ ಓದುವ ಮೊಮ್ಮಗಳಿಗೆ ಬಸ್ಸಿನ ಹಾರನ್ನು. ಅಡುಗೆಮನೆ ಚೌಕಟ್ಟಿಗೆ ಗೆದ್ದಲು.

ಮಗ ಒಂದು ಎಸ್ಟಿಮೇಟು ತಂದು ಮೇಜಿನ ಮೇಲಿಟ್ಟ. ಏಳಕ್ಕೆ ಏಳೂ ಯು.ಪಿ.ವಿ.ಸಿ. ಸ್ಲೈಡಿಂಗ್. "ಒಂದೇ ಸಲ ಮುಗಿದು ಹೋಗುತ್ತೆ ಅಣ್ಣ" ಅಂತ ಅಪ್ಪನಿಗೆ ಸಮಾಧಾನ ಹೇಳಿದ. ಹಣ? ದಸರಾ ಸರಕಿಗೆ ಅಂತ ಎತ್ತಿಟ್ಟಿದ್ದು. ಅಜ್ಜಿ ಮಾತ್ರ, "ಲೋ, ನನ್ನ ಕಿಟಕಿ ಮುಟ್ಟಬೇಡ ಕಣೋ, ರಾತ್ರಿ ಗಾಳಿ ಬರೋದೇ ಅದರಲ್ಲಿ" ಎಂದರು. ಯಾರ ಮಾತು ಸರಿ?

ಮೊದಲು ರೋಗ ಯಾವುದು ನೋಡಿ

ತೀರ್ಪು ಹೇಳಬೇಕಾದದ್ದು ಮಗನೂ ಅಲ್ಲ, ಕಂಟ್ರಾಕ್ಟರೂ ಅಲ್ಲ, ಮರ. ಮರವನ್ನು ಕೇಳುವ ಉಪಾಯ ಬಲು ಸುಲಭ. ಒಂದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಚೌಕಟ್ಟಿನ ಕೆಳಗಿನ ಎರಡು ಮೂಲೆ, ಕದದ ಕೆಳಪಟ್ಟಿ ಚುಚ್ಚಿ ನೋಡಿ. ನೀರು ನಿಲ್ಲುವುದು ಅಲ್ಲೇ, ಕೊಳೆಯುವುದು ಶುರುವಾಗುವುದೂ ಅಲ್ಲೇ. ಮೊನೆ ಬಣ್ಣ ದಾಟಿ ಠಕ್ ಅಂತ ನಿಂತರೆ ಮರ ಗಟ್ಟಿ. ಮೇಲ್ಮೈ ಮಾತ್ರ ಕೊಂಚ ಮೆತ್ತಗಿದ್ದರೆ ಕೆರೆದು, ಒಣಗಿಸಿ, ಆ ಜಾಗಕ್ಕೆ ತೇಪೆ ಹಾಕಬಹುದು. ಮೆತ್ತನೆ ಬೆಲ್ಲಕ್ಕೆ ಚುಚ್ಚಿದ ಹಾಗೆ ಒಂದಂಗುಲ ಒಳಗೆ ಹೋಯಿತೋ, ಆ ತುಂಡು ಮುಗಿಯಿತು ಅಂತಲೇ ಲೆಕ್ಕ. ಗೆದ್ದಲಿನ ಅನುಮಾನವಿದ್ದರೆ ಬೆರಳಲ್ಲಿ ತಟ್ಟಿ. ಟೊಳ್ಳಿದ್ದರೆ ಸದ್ದೇ ಹೇಳುತ್ತೆ.

ಹಳೇ ಮನೆಗಳಲ್ಲಿ ಹಾಕುತ್ತಿದ್ದುದು ತೇಗ, ಹೊನ್ನೆ, ಹಲಸು. ಇವುಗಳ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಬೇಗ ಹಾಳಾಗುವಂಥದ್ದಲ್ಲ. ಮರ ಕೊಳೆಯುವುದು ವಯಸ್ಸಾಗಿ ಅಲ್ಲ, ನೀರು ಕುಡಿದು. ಮರದಲ್ಲಿನ ತೇವ ಸುಮಾರು ನೂರಕ್ಕೆ 20ರ ಒಳಗೆ ಇದ್ದರೆ ಕೊಳೆಸುವ ಬೂಷ್ಟು ಬೆಳೆಯೋಲ್ಲ. ಹಾಗಾಗಿ ಕೊಳೆತ ಕಿಟಕಿ ಕಂಡರೆ ಮೊದಲು ಕೇಳಬೇಕಾದ್ದು "ನೀರು ಎಲ್ಲಿಂದ ಬಂತು?" ಎಂದು. ಸಜ್ಜ ಸೀಳು ಬಿಟ್ಟಿದೆಯೇ? ಕಿಟಕಿಯ ಕೆಳಗಿನ ಗಾರೆ ಒಳಮುಖವಾಗಿ ಇಳಿಜಾರಾಗಿದೆಯೇ? ಮೇಲಿನ ಪೈಪು ಜಿನುಗುತ್ತಿದೆಯೇ? ಅದನ್ನು ನಿಲ್ಲಿಸದೆ ಹೊಸ ಕಿಟಕಿ ಹಾಕಿಸಿದರೆ ಕಿಟಕಿ ಚೆನ್ನಾಗಿಯೇ ಇರುತ್ತೆ, ಪಕ್ಕದ ಗೋಡೆ ಉದುರುತ್ತೆ!

ಗೆದ್ದಲಿನದೂ ಇದೇ ಕಥೆ. ಅದು ಹುಟ್ಟುವುದು ಕಿಟಕಿಯಲ್ಲಲ್ಲ, ನೆಲದಿಂದ ಗೋಡೆ ಹಿಡಿದು ಮಣ್ಣಿನ ಕೊಳವೆ ಕಟ್ಟಿಕೊಂಡು ಬರುವುದು. ಪ್ಲಾಸ್ಟಿಕ್ ಕಿಟಕಿಯನ್ನು ಗೆದ್ದಲು ತಿನ್ನದು ನಿಜ. ಆದರೆ ಮುಂದಿನ ಊಟಕ್ಕೆ ಬಾಗಿಲಿದೆ, ಬೀರುವಿದೆ, ಅಂಗಡಿಯ ಲೆಕ್ಕದ ಪುಸ್ತಕಗಳೂ ಇವೆ. ಮೊದಲು ಗೋಡೆಗೂ ನೆಲಕ್ಕೂ ಔಷಧಿ, ಆಮೇಲೆ ಕಿಟಕಿ.

ಮಳೆಗಾಲದಲ್ಲಿ ತೋಪಡ ಬೇಡ

"ಮಳೆ ಬಂದರೆ ಮುಚ್ಚೋಲ್ಲ" ಅನ್ನುವುದು ಬಹಳ ಸಾಮಾನ್ಯವಾದ ದೂರು. ಬಹಳಷ್ಟು ಸಲ ಇದು ರೋಗವೇ ಅಲ್ಲ. ಮರ ತೇವ ಹೀರಿ ಉಬ್ಬುತ್ತೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತೆ. ಆಷಾಢದಲ್ಲಿ ಕೋಪ ಬಂದು ಆಚಾರ್ರನ್ನು ಕರೆಸಿ ತೋಪಡ ಹೊಡೆಸಿದಿರೋ, ಯುಗಾದಿ ಹೊತ್ತಿಗೆ ಅದೇ ಕದ ಸಡಿಲವಾಗಿ, ನಡುವೆ ಬೆರಳು ತೂರುವಷ್ಟು ಸಂದು! ಉಬ್ಬಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡು, ಫೆಬ್ರವರಿ-ಮಾರ್ಚಿಯಲ್ಲಿ ಬೇಕಾದಷ್ಟೇ ಕೆರೆಸಿ, ಮಳೆಗೆ ಮುಂಚೆ ಬಣ್ಣ ಬಳಿಸುವುದು ಸರಿಯಾದ ದಾರಿ. ಕದದ ಕೆಳ ಅಂಚಿಗೂ ಬಣ್ಣ ಬೀಳಬೇಕು. ಎಷ್ಟೋ ಪೇಂಟರುಗಳು ಅದನ್ನೇ ಮರೆಯುತ್ತಾರೆ, ನೀರು ಹೀರುವುದೂ ಅಲ್ಲಿಂದಲೇ.

ಇನ್ನು ಕದ ಇಳಿಬಿದ್ದಿದ್ದರೆ ಕೀಲಿನ ಸ್ಕ್ರೂ ಸಡಿಲವಾಗಿರುತ್ತೆ ಅಷ್ಟೆ. ಹಳೇ ತೂತಿಗೆ ಮರದ ಚಕ್ಕೆ ಬಡಿದು, ಉದ್ದನೆ ಸ್ಕ್ರೂ ಹಾಕಿದರೆ ಕೆಲಸ ಮುಗಿಯಿತು. ಇಷ್ಟಕ್ಕೆ ಇಡೀ ಕಿಟಕಿ ಕೀಳಿಸುವುದು ನೆಗಡಿಗೆ ಮೂಗು ಕೊಯ್ಸಿಕೊಂಡ ಹಾಗೆ.

ಹೊಸದು ಕೊಡೋದೇನು, ಕಿತ್ಕೊಳ್ಳೋದೇನು

ಹೊಸ ಕಿಟಕಿಯನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಒಳ್ಳೆ ಯು.ಪಿ.ವಿ.ಸಿ. ಕೊಳೆಯೋಲ್ಲ, ವರ್ಷ ವರ್ಷ ಬಣ್ಣ ಕೇಳೋಲ್ಲ. ಮುಚ್ಚಿದರೆ ಧೂಳು ಕಡಿಮೆ, ಸದ್ದು ಕಡಿಮೆ. ಅಲ್ಯೂಮಿನಿಯಂ ಕೂಡ ನೀರಿಗೆ ಹೆದರದು. ಬಚ್ಚಲಿನಂಥ ಜಾಗಕ್ಕೆ ಇವೇ ವಾಸಿ.

ಆದರೆ ಸ್ಲೈಡಿಂಗ್ ಕಿಟಕಿಯ ಒಂದು ಗುಟ್ಟು ಎಸ್ಟಿಮೇಟಿನಲ್ಲಿ ಇರೋಲ್ಲ. ಎರಡು ಕದದ ಸ್ಲೈಡಿಂಗು ಎಷ್ಟು ತೆರೆದರೂ ತೆರೆಯುವುದು ಅರ್ಧ ಮಾತ್ರ. ಹಳೇ ಎರಡು ಕದದ ಕಿಟಕಿ ಪೂರ್ತಿ ತೆರೆಯುತ್ತೆ. ನಾಲ್ಕಡಿ ಅಗಲದ ಕಿಟಕಿಯಿದ್ದ ಜಾಗದಲ್ಲಿ ಅಜ್ಜಿಗೆ ಸಿಗುವುದು ಎರಡಡಿ ಗಾಳಿ! ಜೊತೆಗೆ ಪಡುವಲ ಬಿಸಿಲು. ಮರದ ಕದವಾದರೆ ಮಧ್ಯಾಹ್ನ ಮುಚ್ಚಿ ಬಿಸಿಲನ್ನು ಆಚೆಗೇ ನಿಲ್ಲಿಸಬಹುದಿತ್ತು. ಒಂಟಿ ಗಾಜಿನಲ್ಲಿ ಬಿಸಿಲಿನ ಕಾವು ಮುಕ್ಕಾಲು ಪಾಲಿಗಿಂತ ಹೆಚ್ಚು ಒಳಗೆ ಬರುತ್ತೆ. ಆಮೇಲೆ ಪರದೆ, ಫ್ಯಾನು, ಕೊನೆಗೆ ಎ.ಸಿ. ಇನ್ನು ಎರಡು ಪದರದ ಗಾಜು ಹಾಕಿಸಿ ಅನ್ನುವವರೂ ಇದ್ದಾರೆ. ಹಗಲೂ ರಾತ್ರಿ ಕಿಟಕಿ ಮುಚ್ಚಿಕೊಂಡಿರುವ ಚಳಿ ದೇಶಕ್ಕೆ ಅದು ಸರಿ. ಎ.ಸಿ. ಇಲ್ಲದೆ ಕಿಟಕಿ ತೆರೆದು ಮಲಗುವ ಮೈಸೂರಿನ ಮನೆಗೆ ಅದರಿಂದ ಏನು ಭಾಗ್ಯ?

ಗಾಳಿ ಅಂದರೆ ಶೋಕಿಯ ಮಾತಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಜನ ಸತ್ತ ಮೇಲೆ, 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಾದ ಕೇರಿ ಬಿಡಿಸಿ, ಅಗಲ ರಸ್ತೆ, ಗಾಳಿ ಬೆಳಕಿನ ಬಡಾವಣೆ ಮಾಡಬೇಕೆಂಬ ಬುದ್ಧಿ ಬಂದದ್ದು ಆಗ. 2020ರಲ್ಲಿ ಕೊರೊನಾ ಬಂದಾಗಲೂ ವೈದ್ಯರು ಹೇಳಿದ್ದು "ಕಿಟಕಿ ತೆಗೀರಿ" ಎಂದೇ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೂಡ ಕಿಟಕಿಯ ಅಳತೆಯನ್ನು ಕೋಣೆಯ ನೆಲದ ಅಳತೆಗೆ ಗಂಟು ಹಾಕಿದೆ. ಒಣ ಸೆಖೆಯ ಊರಿಗೆ ಹತ್ತನೇ ಒಂದು ಪಾಲು, ತೇವದ ಸೆಖೆಯ ಊರಿಗೆ ಆರನೇ ಒಂದು ಪಾಲು. ತೆರೆಯುವ ಜಾಗವನ್ನೇ ಅರ್ಧ ಮಾಡಿಕೊಳ್ಳುವ ಮುಂಚೆ ಈ ಲೆಕ್ಕ ಒಮ್ಮೆ ಹಾಕುವುದು ಒಳ್ಳೇದು. ಪ್ಲಾಸ್ಟಿಕ್ಕೇ ಬೇಕಾದರೆ ಬಾಗಿಲಿನಂತೆ ಪೂರ್ತಿ ತೆರೆಯುವ ಕದ ಕೇಳಿ, ಅದೂ ಸಿಗುತ್ತೆ.

ಸದ್ದಿನ ವಿಷಯದಲ್ಲಿ ಮಾತ್ರ ಮಗನ ಮಾತಿಗೆ ಬೆಲೆ ಇದೆ. ಪರೀಕ್ಷೆಗೆ ಓದುವ ಹುಡುಗಿಯ ಕಷ್ಟ ಸುಳ್ಳಲ್ಲ. ಆದರೆ ಸದ್ದು ಬರುವುದು ಬಹುಪಾಲು ಸಂದಿಯಿಂದ. ಚೌಕಟ್ಟು ಗಟ್ಟಿಯಿದ್ದರೆ ಕದ ಮಾತ್ರ ಹೊಸದಾಗಿ ಮಾಡಿಸಿ, ದಪ್ಪ ಗಾಜು ಕೂರಿಸಿ, ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಎಷ್ಟೋ ತಗ್ಗುತ್ತೆ. ಸೊಳ್ಳೆಗಂತೂ ಕಿಟಕಿ ಬದಲಾಯಿಸಬೇಕಿಲ್ಲ, ಜಾಲರಿ ಸಾಕು.

ಎಸ್ಟಿಮೇಟಿನಲ್ಲಿ ಇಲ್ಲದ್ದು

ವ್ಯಾಪಾರಸ್ಥರಿಗೆ ಬಿಲ್ಲು ಓದುವುದನ್ನು ಯಾರೂ ಕಲಿಸಬೇಕಿಲ್ಲ. ಆದರೂ ಕೇಳಿ. ಹಳೇ ಕಿಟಕಿಯ ಕಬ್ಬಿಣದ ಸರಳು ಚೌಕಟ್ಟಿನೊಳಗೇ ಕೂತಿದೆ. ಚೌಕಟ್ಟು ಹೋದರೆ ಸರಳೂ ಹೋಯಿತು. ಕಳ್ಳರ ಭಯಕ್ಕೆ ಬೇರೆ ಗ್ರಿಲ್ಲು ಬೇಕು. ಜಾಲರಿ ಇದೆಯೇ? ಒಡೆದ ಗೋಡೆಗೆ ಗಾರೆ ಯಾರದ್ದು? ಸುಣ್ಣ ಬಣ್ಣ ಯಾರದ್ದು? ನಾಳೆ ಉರುಳೆ ಸವೆದರೆ, ರಬ್ಬರ್ ಹರಿದರೆ ಅದೇ ಅಳತೆಯದು ಸಿಗುತ್ತದೆಯೇ? ಇವೆಲ್ಲ ಬರವಣಿಗೆಯಲ್ಲಿ ಬರಲಿ.

ಅದಕ್ಕಿಂತ ದೊಡ್ಡದು ಗೋಡೆ. ಸುಣ್ಣದ ಗಾರೆ, ಮಣ್ಣಿನ ಗಾರೆಯ ಹಳೇ ಗೋಡೆಯಲ್ಲಿ ಕಿಟಕಿ ಮೇಲಿನ ಭಾರ ಹೊತ್ತಿರುವುದು ಎಷ್ಟೋ ಕಡೆ ಮರದ ತೊಲೆ. ಅದರ ಸ್ಥಿತಿ ನೋಡದೆ ಸುತ್ತಿಗೆ ಬಡಿದು ಚೌಕಟ್ಟು ಎಳೆದರೆ ಗೋಡೆ ಬಿರುಕು ಬಿಡುವುದು ಖಂಡಿತ. ಹಳೇ ಕಟ್ಟಡ ಎಂದರೆ ಏನೆಂಬುದು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು ದುರಸ್ತಿ ನಡೆಯುತ್ತಿದ್ದಾಗಲೇ! ಅವುಗಳ ಕಾರಣ ಬೇರೆ ಇರಬಹುದು. ಹಳೇ ಗೋಡೆ ಮುಟ್ಟುವ ಮುಂಚೆ ತಿಳಿದವರಿಗೆ ತೋರಿಸಿ, ಮೇಲೆ ಊರೆಗಂಬ ಕೊಟ್ಟು ಕೆಲಸ ಮಾಡಿಸಿ ಎಂಬ ಮಾತಂತೂ ಎರಡಕ್ಕೂ ಒಂದೇ.

ಕೊನೆಗೆ ಆ ಸಿಹಿ ಮಾತು: "ಹಳೇ ಮರ ನಾವೇ ಫ್ರೀಯಾಗಿ ಸಾಗಿಸ್ತೀವಿ ಸಾರ್." ಸ್ವಾಮಿ, ಅದು ಚೆನ್ನಾಗಿ ಒಣಗಿದ ಹಳೇ ತೇಗ! ಹಳೇ ಮರದ ಡಿಪೋದಲ್ಲಿ ಅದಕ್ಕೆ ಬೆಲೆ ಕೇಳಿ ಬಂದು ಆಮೇಲೆ ಮಾತಾಡಿ.

ಕೆರೆಯುವಾಗ ಮಕ್ಕಳು ದೂರ

ರಿಪೇರಿಗೂ ಒಂದು ಎಚ್ಚರಿಕೆ ಇದೆ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಬೆಂಕಿಯಿಂದ ಸುಡಬೇಡಿ. ಒದ್ದೆ ಮಾಡಿ ಕೆರೆಯಿರಿ, ಮೂಗಿಗೆ ಮಾಸ್ಕ್ ಇರಲಿ, ಮಕ್ಕಳೂ ಬಸುರಿ ಹೆಂಗಸರೂ ಆ ಎರಡು ದಿನ ಬೇರೆ ಕೋಣೆಯಲ್ಲಿರಲಿ.

ಏಳು ಕಿಟಕಿಗೆ ಏಳು ತೀರ್ಪು

ಈಗ ಆ ಮನೆಯ ಲೆಕ್ಕಕ್ಕೆ ಬನ್ನಿ. ಬಚ್ಚಲಿನದು ನೀರು ಕುಡಿದು ಮುಗಿದಿದೆ, ಬದಲಾಯಿಸಲಿ, ಅಲ್ಲಿಗೆ ಪ್ಲಾಸ್ಟಿಕ್ಕೇ ಸರಿ. ಅಡುಗೆಮನೆಯದು ಗೆದ್ದಲು ತಿಂದಿದೆ, ಗೋಡೆಗೆ ಔಷಧಿ ಹೊಡೆಸಿದ ಮೇಲೆ ಅದೂ ಬದಲಾಗಲಿ. ರಸ್ತೆ ಕಡೆಯ ಎರಡಕ್ಕೂ ಚೌಕಟ್ಟು ಗಟ್ಟಿ, ಕದ ಮಾತ್ರ ಹೊಸದು. ನಡುಮನೆಯ ಎರಡಕ್ಕೆ ಬೇಸಿಗೆಯಲ್ಲಿ ತೋಪಡ, ಉದ್ದ ಸ್ಕ್ರೂ, ಜಾಲರಿ. ಅಜ್ಜಿಯದಕ್ಕೆ ಮೇಲೆ ಸಜ್ಜ ಸರಿಮಾಡಿ, ಕೆಳಗಿನ ಗಾರೆ ಹೊರಮುಖವಾಗಿ ತಿದ್ದಿ, ಕಿಟಕಿಗೆ ಕೈ ಹಚ್ಚದಿದ್ದರೆ ಸಾಕು.

ಏಳರಲ್ಲಿ ಪೂರ್ತಿ ಬದಲಾಗುವುದು ಎರಡೇ. ದಸರಾ ಸರಕಿನ ಹಣದಲ್ಲಿ ಬಹುಪಾಲು ಪೆಟ್ಟಿಗೆಯಲ್ಲೇ ಉಳಿಯುತ್ತೆ. ಒಂದು ಕದದ ಕೆಲಸಕ್ಕೆ ಆಚಾರ್ರು ಬರೋಲ್ಲ ಎಂಬುದು ಎಲ್ಲರ ಗೋಳು. ಬೀದಿಯ ನಾಲ್ಕು ಮನೆಯವರು ಸೇರಿ ಎರಡು ದಿನದ ಕೆಲಸ ಒಟ್ಟುಮಾಡಿ ಕರೆದರೆ ಬಂದೇ ಬರುತ್ತಾರೆ.

ಇನ್ನೊಂದು ಮಾತು. ಬಚ್ಚಲಿನ ಹಳೇ ಚೌಕಟ್ಟು ಕೆಳಗೆ ಕೊಳೆತಿದ್ದರೂ ಮೇಲಿನ ತುಂಡು ಗಟ್ಟಿ ಇರಬಹುದು. ಅದನ್ನೂ ಚುಚ್ಚಿ, ತಟ್ಟಿ ನೋಡಿ. ಚೆನ್ನಾಗಿದ್ದರೆ ಡಿಪೋಗೆ ಹಾಕಬೇಡಿ, ನಡುಮನೆ ಕಿಟಕಿಗೆ ತೇಪೆ ಹಾಕಲು ಅಷ್ಟು ಒಣಗಿದ ತೇಗ ಅಂಗಡಿಯಲ್ಲಿ ಸುಲಭವಾಗಿ ಸಿಗೋಲ್ಲ.