ಮೀನಿನ ರಕ್ತದಲ್ಲಿರುವ ಜೀವಿಗೆ ಯಾವ ಹೆಸರು?

ಸಿಹಿನೀರಿನ ಮೀನೊಂದರ ರಕ್ತದ ತೊಟ್ಟನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಕೆಂಪು ರಕ್ತಕಣಗಳ ನಡುವೆ ಹಾವಿನಂತೆ ಹೊರಳಾಡುವ ಜೀವಿಗಳು ಕಾಣಬಹುದು. ಇವು ಟ್ರಿಪನೊಸೋಮಗಳು, ಚಾವಟಿಯಂಥ ಕಶಾಂಗವುಳ್ಳ ಏಕಕೋಶ ಪರೋಪಜೀವಿಗಳು. ಟ್ರೌಟ್ ಮೀನಿನ ರಕ್ತದಲ್ಲಿ ಇಂಥ ಜೀವಿಯನ್ನು ವ್ಯಾಲೆಂಟಿನ್ 1841ರಲ್ಲೇ ಗುರುತಿಸಿದ್ದರು. ಆಫ್ರಿಕದಲ್ಲಿ ಮನುಷ್ಯರಿಗೆ ನಿದ್ರಾರೋಗ ತರುವ ಜೀವಿಗಳೂ ಇದೇ ಕುಲಕ್ಕೆ ಸೇರಿವೆ. ಅವನ್ನು ಹರಡುವುದು ತ್ಸೆತ್ಸೆ ನೊಣ. ಮೀನುಗಳಲ್ಲಿ ಆ ಕೆಲಸ ರಕ್ತ ಹೀರುವ ಜಿಗಣೆಗಳದ್ದು.

ಇವುಗಳ ವರ್ಗೀಕರಣ ಹೇಗೆ? ಹಿಂದೆ ಇದ್ದ ಆಧಾರಗಳು ಮುಖ್ಯವಾಗಿ ಎರಡು: ಜೀವಿ ಸಿಕ್ಕಿದ್ದು ಯಾವ ಮೀನಿನಲ್ಲಿ, ಅದರ ಉದ್ದಗಲ ಎಷ್ಟು. ಹೊಸ ಮೀನಿನಲ್ಲಿ ಕಂಡರೆ ಹೊಸ ಹೆಸರು! ಹೀಗೆ ಪ್ರಭೇದಗಳ ಪಟ್ಟಿ ಬೆಳೆಯಿತು. ಆದರೆ ಸೋಂಕು ಹಳೆಯದಾದಂತೆ ಒಂದೇ ಪ್ರಭೇದದ ಗಾತ್ರ ಬದಲಾಗಬಹುದು. ಎರಡು ಪ್ರಭೇದಗಳ ಅಳತೆಗಳು ಒಂದರ ವ್ಯಾಪ್ತಿಯೊಳಗೆ ಇನ್ನೊಂದು ಸೇರಿಕೊಂಡರೆ, ಎಷ್ಟೇ ನಿಖರವಾದ ಅಳತೆಗೋಲೂ ಅವನ್ನು ಬೇರ್ಪಡಿಸಲಾರದು.

ಇಲ್ಲಿ ನೆರವಿಗೆ ಬಂದದ್ದು ಡಿಎನ್‌ಎ. ಪ್ರೋಟೀನು ತಯಾರಿಸುವ ರೈಬೋಸೋಮ್ ಎಲ್ಲ ಜೀವಕೋಶಗಳಲ್ಲೂ ಇದೆ. ಅದರ ಆರ್‌ಎನ್‌ಎಗೆ ಸಂಬಂಧಿಸಿದ 18ಎಸ್ ಜೀನಿನ ಕೆಲವು ಭಾಗಗಳು ಬಹು ನಿಧಾನವಾಗಿ, ಕೆಲವು ಬೇಗನೆ ಬದಲಾಗುತ್ತವೆ. ಬದಲಾಗದ ಭಾಗಗಳನ್ನು ಹಿಡಿದು ಪಿಸಿಆರ್ ವಿಧಾನದಿಂದ ಜೀನನ್ನು ಹೆಚ್ಚಿಸಿಕೊಳ್ಳಬಹುದು. ಬದಲಾದ ಭಾಗಗಳನ್ನು ಹೋಲಿಸಿ ನಂಟನ್ನು ಊಹಿಸಬಹುದು. ಯುರೋಪಿನ ಮೀನುಗಳ ಇಂಥ ಅಧ್ಯಯನಗಳಲ್ಲಿ ಒಂದೇ ಬಗೆಯ ಟ್ರಿಪನೊಸೋಮ ಬೇರೆ ಬೇರೆ ಮೀನುಗಳಲ್ಲಿ ಸಿಕ್ಕಿತು. ಒಂದೇ ಮೀನಿನಲ್ಲಿ ಎರಡು ಬಗೆಗಳು ಸೇರಿರುವುದೂ ಉಂಟು. ಅಂದರೆ ಆತಿಥೇಯನ ಹೆಸರು ಅತಿಥಿಯ ಗುರುತಾಗಲಾರದು. ಕಾರ್ಪ್ ಮತ್ತು ಗೋಲ್ಡ್‌ಫಿಶ್‌ಗಳಲ್ಲಿ ರಕ್ತಹೀನತೆ ತರುವ ಟ್ರಿಪನೊಸೋಮ ಕರಾಸಿಗೆ ಟ್ರಿಪನೊಸೋಮ ಡ್ಯಾನಿಲೆವ್‌ಸ್ಕಿ ಎಂಬ ಇನ್ನೊಂದು ಹೆಸರೂ ಬಳಕೆಯಲ್ಲಿತ್ತು.

ಈ ವಿಧಾನಕ್ಕೂ ಮಿತಿಯಿದೆ. ಮಿಶ್ರ ಸೋಂಕಿರುವ ರಕ್ತದಿಂದ ಪಡೆದ ಡಿಎನ್‌ಎಯಲ್ಲಿ ಎರಡರ ಅನುಕ್ರಮಗಳೂ ಬೆರೆತು, ಇಲ್ಲದ ಪ್ರಭೇದವೊಂದು ಇದ್ದಂತೆ ತೋರಬಹುದು. ಆದ್ದರಿಂದ ಜೀನಿನ ಜೊತೆಗೆ ಆಕಾರ, ಜಿಗಣೆ, ಮೀನು ಎಲ್ಲವನ್ನೂ ದಾಖಲಿಸಬೇಕು.

ಹೆಸರಿಗಾಗಿ ಇಷ್ಟು ಶ್ರಮವೇಕೆ ಎಂದು ನೀವು ಕೇಳಬಹುದು. ಸಾಕುವ ಕೊಳದಲ್ಲಿ ಮೀನುಗಳು ಸೊರಗಿದಾಗ, ಸೋಂಕು ಪಕ್ಕದ ಕೆರೆಯ ಬೇರೆ ಜಾತಿಯ ಮೀನಿನಿಂದ ಬಂದಿತೇ ಎಂಬುದು ಮುಖ್ಯ ಪ್ರಶ್ನೆ. ಪ್ರತಿ ಮೀನಿಗೂ ಅದರದೇ ಪರೋಪಜೀವಿ ಎಂದು ನಂಬಿದವರು ಆ ಕೆರೆಯತ್ತ ನೋಡುವುದೇ ಇಲ್ಲ.